ನೀಲಿ ಉರಿ, ಹಳದಿ ಉರಿ

(ಬಾನುಲಿ ಭಾಷಣ)



ಕಳೆದ ಆಷಾಢದ ಒಂದು ಸಂಜೆ. ಹೊರಗೆ ಜಡಿಮಳೆ. ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಪಕ್ಕದ ಬೀದಿಯ ನೆಂಟರ ಮನೆಗೆ ಹೊರಟ ನನ್ನ ಮಡದಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುವ ಮೊದಲು ಆರಿಸಿಬಿಡಿ ಎಂದು ಹೇಳಿ ಹೋಗಿದ್ದಳು. ನಾನು ನಡುಮನೆಯಲ್ಲಿ ಕುಳಿತು ಒಂದು ಹಳೆಯ ಶಾಸನದ ಪಾಠವನ್ನು ನೋಡುತ್ತಿದ್ದೆ. ಸವೆದುಹೋದ ಒಂದು ಅಕ್ಷರ ದಕಾರವೋ ಡಕಾರವೋ ಎಂಬುದು ಆ ಹೊತ್ತಿನ ನನ್ನ ಜಿಜ್ಞಾಸೆ. ಹಾಲು ಉಕ್ಕಿತು. ಉಕ್ಕಿದ ಹಾಲು ಉರಿಯನ್ನು ನಂದಿಸಿತು. ಅನಿಲ ಮಾತ್ರ ಹರಿಯುತ್ತಲೇ ಇತ್ತು. ನೆಗಡಿಯಾಗಿದ್ದ ನನ್ನ ಮೂಗಿಗೆ ಯಾವ ವಾಸನೆಯೂ ತಿಳಿಯಲಿಲ್ಲ. ಕತ್ತಲು ಕವಿದ ಮೇಲೆ ಹಾಲಿನ ನೆನಪಾಗಿ ಎದ್ದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ವಿದ್ಯುದ್ದೀಪದ ಗುಂಡಿಗೆ ಕೈ ಚಾಚಿದೆ. ಅದೇ ಗಳಿಗೆಯಲ್ಲಿ ಹಿತ್ತಿಲ ಬಾಗಿಲಿನಿಂದ ಒಳಗೆ ಕಾಲಿಟ್ಟ ಆಕೆ ಕೂಗಿದಳು: “ರೀ, ದೀಪ ಹಾಕಬೇಡಿ! ಕೈ ತೆಗೀರಿ!”

ನನ್ನ ಕೈಗೂ ಗುಂಡಿಗೂ ನಡುವೆ ಒಂದು ಅಂಗುಲ ಇದ್ದಿರಬಹುದು.

ಆಕೆ ಒಲೆಯ ಕಿವಿ ತಿರುಗಿಸಿದಳು, ಸಿಲಿಂಡರಿನ ಮೇಲಿನ ರೆಗ್ಯುಲೇಟರನ್ನು ಮುಚ್ಚಿದಳು, ಬಾಗಿಲು ಕಿಟಕಿಗಳನ್ನೆಲ್ಲ ತೆರೆದಳು. ದೇವರ ಮುಂದಿನ ದೀಪವನ್ನು ಆ ಹೊತ್ತಿಗೆ ಇನ್ನೂ ಹಚ್ಚಿರಲಿಲ್ಲ. ಅದನ್ನು ದಿನವೂ ಹಚ್ಚುವವಳು ಮನೆಯಲ್ಲಿರಲಿಲ್ಲವಷ್ಟೆ. ಅರ್ಧ ಗಂಟೆಯ ಕಾಲ ನಾವಿಬ್ಬರೂ ಜಗುಲಿಯ ಮೇಲೆ ಮಳೆಯ ಎರಚಲಿನಲ್ಲಿ ಕುಳಿತೆವು. ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದೆ. “ಸಿಲಿಂಡರ್ ಬಂದ ದಿನ ಒಂದು ಹಾಳೆ ಕೊಟ್ಟಿದ್ದರಲ್ಲ, ಅದರಲ್ಲಿ ಎಲ್ಲ ಬರೆದಿದೆ. ನೀವು ಓದಲಿಲ್ಲವೆ?” ಎಂದಳು.

ನಾನು ಓದಿರಲಿಲ್ಲ. ಒಂಬೈನೂರು ವರ್ಷಗಳ ಹಿಂದಿನ ಕಲ್ಲಿನ ಬರಹವನ್ನು ಓದುವುದರಲ್ಲಿ ಆಯುಸ್ಸನ್ನು ಸವೆಸಿದವನು ತನ್ನ ಮನೆಯ ಒಲೆಯ ವಿಷಯಕ್ಕೆ ಕೊಟ್ಟ ಎರಡು ಪುಟದ ಕನ್ನಡವನ್ನು ಓದಿರಲಿಲ್ಲ. ಆ ನಾಚಿಕೆಯಿಂದಲೇ ಮರುದಿನ ಆ ಹಾಳೆಯನ್ನು ಹುಡುಕಿ ಓದಿದೆ. ಅಲ್ಲಿಂದ ಮೊಮ್ಮಗನ ರಸಾಯನಶಾಸ್ತ್ರದ ಪಠ್ಯಕ್ಕೆ ಹೋದೆ, ಅಲ್ಲಿಂದ ಮೈಕೇಲ್ ಫ್ಯಾರಡೆಯ ಮೇಣದ ಬತ್ತಿಯ ಉಪನ್ಯಾಸಗಳಿಗೆ. ನಾನು ವಿಜ್ಞಾನಿಯಲ್ಲ; ಕನ್ನಡದ ಮೇಷ್ಟ್ರು. ಓದುವುದು ನನ್ನ ಕಸುಬು. ಉರಿಗೂ ಒಂದು ಲಿಪಿಯುಂಟು, ಅದನ್ನು ಓದಲು ಕಲಿಯುವುದು ನಮ್ಮ ಉಳಿವಿನ ಪ್ರಶ್ನೆ ಎಂಬ ಒಂದು ಮಾತನ್ನು ತಮ್ಮೆದುರು ಇಡಲು ಬಂದಿದ್ದೇನೆ.

ಇಂಗಾಲ ಮತ್ತು ಜಲಜನಕ, ಈ ಎರಡೇ ಮೂಲವಸ್ತುಗಳಿಂದಾದ ಸಂಯುಕ್ತಗಳಿಗೆ ಹೈಡ್ರೊಕಾರ್ಬನ್‌ಗಳೆಂದು ಹೆಸರು. ಹೆಸರು ಹೊಸದು, ಒಳಗಿರುವ ಮಾತುಗಳು ನಮಗೆ ಹಳೆಯವು. ಸಂಸ್ಕೃತದ ಅಂಗಾರ, ಪ್ರಾಕೃತದ ಇಂಗಾಲ, ಕನ್ನಡದ ಇಂಗಳ, ಮೂರೂ ಕೆಂಡವನ್ನೇ ಹೇಳುತ್ತವೆ. ಜಲಜನಕವೆಂದರೆ ನೀರನ್ನು ಹುಟ್ಟಿಸುವುದು. ದಹನದ ಕಥೆಯೆಲ್ಲ ಈ ಎರಡು ಹೆಸರುಗಳಲ್ಲಿ ಅಡಗಿದೆ. ಉರಿಯುವಾಗ ಒಂದು ಕೆಂಡವಾಗಿ ಬೆಳಗಬಲ್ಲದು, ಇನ್ನೊಂದು ನೀರಾಗಿ ಹೊರಬೀಳುತ್ತದೆ.

ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳು, ಜಲಜನಕಕ್ಕೆ ಒಂದೇ ಕೈ ಎಂದು ಭಾವಿಸಿಕೊಳ್ಳಿ. ಒಂದು ಇಂಗಾಲ ನಾಲ್ಕು ಜಲಜನಕಗಳ ಕೈ ಹಿಡಿದರೆ ಮೀಥೇನ್. ಎರಡು ಇಂಗಾಲಗಳು ಪರಸ್ಪರ ಒಂದು ಕೈ ಹಿಡಿದು, ಉಳಿದ ಆರು ಕೈಗಳಿಗೆ ಆರು ಜಲಜನಕಗಳು ಸೇರಿದರೆ ಈಥೇನ್. ಮೂರು ಇಂಗಾಲ, ಎಂಟು ಜಲಜನಕ ಸೇರಿದರೆ ಪ್ರೊಪೇನ್. ನಾಲ್ಕು ಇಂಗಾಲ, ಹತ್ತು ಜಲಜನಕ ಸೇರಿದರೆ ಬ್ಯುಟೇನ್. ಹೆಜ್ಜೆಗೊಂದು ಇಂಗಾಲ, ಎರಡು ಜಲಜನಕ ಕೂಡುತ್ತ ಸಾಲು ಬೆಳೆಯುತ್ತದೆ. ನಮ್ಮ ಷಟ್ಪದಿಗಳನ್ನು ನೆನೆಯಿರಿ. ಆರು ಪಾದಗಳ ಕಟ್ಟು ಎಲ್ಲಕ್ಕೂ ಒಂದೇ. ಗಣದಲ್ಲಿ ಮಾತ್ರೆ ಹೆಚ್ಚು ಕಡಮೆಯಾದೊಡನೆ ಭಾಮಿನಿಯ ನಡೆ ಬೇರೆಯಾಗುತ್ತದೆ, ವಾರ್ಧಕದ ನಡೆ ಬೇರೆಯಾಗುತ್ತದೆ. ಈ ಮನೆತನದಲ್ಲಿಯೂ ಹಾಗೆಯೇ. ಕಟ್ಟು ಒಂದೇ, ಒಂದೊಂದು ಕೊಂಡಿ ಸೇರಿದಂತೆ ನಡೆ ಬದಲಾಗುತ್ತದೆ.

ಕುದಿಯುವ ಉಷ್ಣತೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೀಥೇನ್ ಕುದಿಯುವುದು ಸೊನ್ನೆಗಿಂತ ಸುಮಾರು ೧೬೨ ಡಿಗ್ರಿ ಸೆಲ್ಸಿಯಸ್ ಕೆಳಗೆ; ಈಥೇನ್ ೮೯ ಡಿಗ್ರಿ ಕೆಳಗೆ; ಪ್ರೊಪೇನ್ ೪೨ ಡಿಗ್ರಿ ಕೆಳಗೆ; ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಐದನೆಯದಾದ ಪೆಂಟೇನ್ ಕುದಿಯಲು ೩೬ ಡಿಗ್ರಿ ಬೇಕು, ಎಂದರೆ ಹೆಚ್ಚುಕಡಮೆ ನಮ್ಮ ಮೈಯ ಬಿಸಿಯಷ್ಟು. ಆದುದರಿಂದ ಮೊದಲ ನಾಲ್ಕು ನಮ್ಮ ಹವೆಯಲ್ಲಿ ಅನಿಲಗಳು, ಐದನೆಯದರಿಂದ ಮುಂದಿನವು ದ್ರವಗಳು. ಸರಪಳಿ ಇನ್ನೂ ಉದ್ದವಾದಂತೆ ಪೆಟ್ರೋಲು, ಆಮೇಲೆ ಹತ್ತರಿಂದ ಹದಿನಾರು ಇಂಗಾಲಗಳ ಆಸುಪಾಸಿನಲ್ಲಿ ಸೀಮೆಎಣ್ಣೆ, ಇಪ್ಪತ್ತನ್ನು ದಾಟಿದ ಮೇಲೆ ಮೇಣದ ಬತ್ತಿಯ ಮೇಣ. ಅಣು ಉದ್ದವಾದಷ್ಟೂ ನೆರೆಯ ಅಣುವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಬಿಡಿಸಲು ಹೆಚ್ಚು ಬಿಸಿ ಬೇಕಾಗುತ್ತದೆ. ಗೂಡಂಗಡಿಯಲ್ಲಿ ಮಾರುವ ಬಣ್ಣದ ಲೈಟರಿನೊಳಗೆ ತುಳುಕುವ ದ್ರವ ಬ್ಯುಟೇನ್. ಎರಡು ಮೂರು ವಾಯುಭಾರದಷ್ಟು ಒತ್ತಡ ಸಾಕು, ಅದು ದ್ರವವಾಗಿ ನಿಲ್ಲುತ್ತದೆ. ನಮ್ಮ ಅಡಿಗೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಅಲ್ಲಾಡಿಸಿದರೆ ಕೇಳುವ ತುಳುಕು ಆ ದ್ರವದ್ದು. ಹೊರಗೆ ಬಿಟ್ಟರೆ ಒಂದು ಲೀಟರ್ ದ್ರವ ಸುಮಾರು ಇನ್ನೂರೈವತ್ತು ಲೀಟರ್ ಅನಿಲವಾಗಿ ಹಬ್ಬುತ್ತದೆ. ಒಂದು ತಿಂಗಳ ಅಡಿಗೆ ಮೊಣಕಾಲೆತ್ತರದ ಕಬ್ಬಿಣದ ಪಾತ್ರೆಯಲ್ಲಿ ಹಿಡಿಸಿರುವುದು ಈ ಗುಣದಿಂದ. ಅಪಾಯವೂ ಇದೇ ಗುಣದಿಂದ.

ತೂಕದ ವಿಷಯ ಇನ್ನೂ ಮುಖ್ಯವಾದುದು. ಮೀಥೇನ್ ಗಾಳಿಯ ಅರ್ಧಕ್ಕಿಂತ ತುಸು ಹೆಚ್ಚು ತೂಗುತ್ತದೆ. ಸೋರಿದರೆ ಮೇಲಕ್ಕೇರಿ ಹೋಗುತ್ತದೆ. ಪ್ರೊಪೇನ್ ಗಾಳಿಯ ಒಂದೂವರೆಯಷ್ಟು, ಬ್ಯುಟೇನ್ ಎರಡರಷ್ಟು ಭಾರ. ಅವು ಸೋರಿದರೆ ನೀರಿನಂತೆ ಕೆಳಗಿಳಿದು ನೆಲದ ಮೇಲೆ ಹರಡುತ್ತವೆ. ಮೂಲೆಗಳಲ್ಲಿ, ಮೋರಿಯ ತೂತಿನಲ್ಲಿ, ತಗ್ಗಿನಲ್ಲಿ ನಿಲ್ಲುತ್ತವೆ. ಮೇಲಿನ ಗವಾಕ್ಷಿಯೊಂದು ತೆರೆದಿದ್ದರೆ ಸಾಲದು. ಆ ಸಂಜೆ ನನ್ನ ಮಡದಿ ಮೊದಲು ತೆರೆದದ್ದು ನೆಲದ ಮಟ್ಟದ ಹಿತ್ತಿಲ ಬಾಗಿಲನ್ನು. ಗಾಳಿಯ ನೂರು ಪಾಲಿನಲ್ಲಿ ಈ ಅನಿಲ ಸುಮಾರು ಎರಡರಿಂದ ಒಂಬತ್ತು ಪಾಲು ಬೆರೆತಿದ್ದರೆ, ಒಂದು ಕಿಡಿಗೆ ಇಡೀ ಕೋಣೆ ಹೊತ್ತಿಕೊಳ್ಳುತ್ತದೆ. ದೀಪದ ಗುಂಡಿಯನ್ನು ಒತ್ತುವಾಗ ಒಳಗೆ ಕಣ್ಣಿಗೆ ಕಾಣದಷ್ಟು ಕಿಡಿ ಹಾರುತ್ತದೆ. ಹಾಕುವಾಗಲೂ ಹಾರೀತು, ಆರಿಸುವಾಗಲೂ ಹಾರೀತು.

ಈ ದ್ರವಗಳು ನೀರಿನೊಡನೆ ಬೆರೆಯುವುದಿಲ್ಲ, ನೀರಿಗಿಂತ ಹಗುರ. ಸೀಮೆಎಣ್ಣೆಗೆ ಹತ್ತಿದ ಬೆಂಕಿಯ ಮೇಲೆ ನೀರು ಸುರಿದರೆ ಎಣ್ಣೆ ನೀರಿನ ಮೇಲೆ ತೇಲುತ್ತ ಬೆಂಕಿಯನ್ನು ಹೊತ್ತುಕೊಂಡು ಹರಿಯುತ್ತದೆ. ಅಲ್ಲಿ ಬೇಕಾದದ್ದು ಮರಳು, ಇಲ್ಲವೆ ಒದ್ದೆ ಗೋಣಿ. ಗಾಳಿಯನ್ನು ತಪ್ಪಿಸಿದರೆ ಉರಿ ತಾನಾಗಿ ಸಾಯುತ್ತದೆ.

ಇನ್ನು ಉರಿಯ ಬಣ್ಣಕ್ಕೆ ಬರೋಣ. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಗೆ ವಿದ್ಯುತ್ತು ಬಂದಿರಲಿಲ್ಲ. ಓದಿದ್ದು ಸೀಮೆಎಣ್ಣೆಯ ಬುಡ್ಡಿ ದೀಪದ ಮುಂದೆ. ಬೆಳಗಾಗೆದ್ದು ಮೂಗಿನಲ್ಲಿ ಬೆರಳಿಟ್ಟರೆ ಕಪ್ಪು. ಲಾಟೀನಿನ ಗಾಜನ್ನು ಬೂದಿ ಹಚ್ಚಿ ಉಜ್ಜುವುದು ಮಕ್ಕಳ ಪಾಲಿನ ಕೆಲಸ. ಮಕ್ಕಳ ಕೈ ಚಿಕ್ಕದು, ಗಾಜಿನೊಳಗೆ ಹೋಗುತ್ತದೆ. ಅಷ್ಟು ಮಸಿ ಎಲ್ಲಿಂದ ಬರುತ್ತದೆಂದು ಆಗ ಯೋಚಿಸಲಿಲ್ಲ. ಫ್ಯಾರಡೆಯನ್ನು ಓದಿದಾಗ ತಿಳಿಯಿತು. ಬತ್ತಿಯ ತುದಿಯಲ್ಲಿ ಎಣ್ಣೆ ಆವಿಯಾಗುತ್ತದೆ. ಬಿಸಿಗೆ ಆವಿಯ ಅಣುಗಳು ಒಡೆದು ಇಂಗಾಲದ ಸಣ್ಣ ಕಣಗಳು ಹೊರಬೀಳುತ್ತವೆ. ಆ ಕಣಗಳು ಕಾದು ಕೆಂಡದಂತೆ ಹೊಳೆಯುವುದೇ ದೀಪದ ಹಳದಿ ಬೆಳಕು. ಉರಿಯ ಅಂಚಿನಲ್ಲಿ ಸಾಕಷ್ಟು ಆಮ್ಲಜನಕ ಸಿಕ್ಕಿದರೆ ಕಣಗಳು ಸುಟ್ಟುಹೋಗುತ್ತವೆ. ಸಿಕ್ಕದಿದ್ದರೆ ತಣ್ಣಗಾಗಿ ಮಸಿಯಾಗಿ ಏಳುತ್ತವೆ.

ಫ್ಯಾರಡೆ ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿಯಲು ಸೇರಿ, ಕಟ್ಟಲು ಬಂದ ಪುಸ್ತಕಗಳನ್ನು ಓದಿ ವಿಜ್ಞಾನಿಯಾದವನು. ಬೆಂಜೀನ್ ಎಂಬ ಹೈಡ್ರೊಕಾರ್ಬನನ್ನು ೧೮೨೫ರಲ್ಲಿ ಕಂಡುಹಿಡಿದವನೂ ಅವನೇ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯ ದಿನಗಳಲ್ಲಿ ಎಳೆಯರಿಗೆಂದು ಅವನು ಮಾಡಿದ ಉಪನ್ಯಾಸಗಳು ೧೮೬೧ರಲ್ಲಿ ಪುಸ್ತಕವಾದವು. ಒಂದು ಮೇಣದ ಬತ್ತಿಯನ್ನಿಟ್ಟುಕೊಂಡು ಆರು ಉಪನ್ಯಾಸ! ಅದರಲ್ಲಿ ಅವನು ತೋರಿಸುವ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಉರಿಯುವ ಬತ್ತಿಯ ಮೇಲೆ ಇನ್ನೂ ಪ್ರಖರವಾದ ಬೆಳಕನ್ನು ಬಿಟ್ಟು, ಉರಿಯ ನೆರಳನ್ನು ತೆರೆಯ ಮೇಲೆ ಬೀಳಿಸಿದರೆ, ಉರಿಯಲ್ಲಿ ಯಾವ ಭಾಗ ಹೆಚ್ಚು ಬೆಳಗುತ್ತಿದೆಯೋ ಆ ಭಾಗದ ನೆರಳೇ ಹೆಚ್ಚು ಕಪ್ಪಾಗಿ ಬೀಳುತ್ತದೆ. ಬೆಳಗುವುದೂ ಕಪ್ಪಾಗುವುದೂ ಒಂದೇ ಇಂಗಾಲ.

ಮಸಿ ಎಂಬ ಕನ್ನಡದ ಮಾತಿಗೆ ಎರಡು ಅರ್ಥಗಳಿವೆ, ಒಲೆಯ ಕರಿ ಮತ್ತು ಬರೆಯುವ ಶಾಯಿ. ದೀಪದ ಉರಿಗೆ ಪಾತ್ರೆಯನ್ನು ಹಿಡಿದು ಕೂಡಿಸಿದ ಕರಿಯಿಂದ ನಮ್ಮ ಹಿರಿಯರು ಶಾಯಿಯನ್ನೂ ಮಾಡಿದರು, ಮಗುವಿನ ಕಣ್ಣಿಗೆ ಕಾಡಿಗೆಯನ್ನೂ ಮಾಡಿದರು. ತಾಳೆಯ ಗರಿಯಲ್ಲಿ ಕಂಠದಿಂದ ಕೊರೆದ ಅಕ್ಷರ ಕಣ್ಣಿಗೆ ಕಾಣುವಂತಾದದ್ದು ಕರಿ ತೊಡೆದ ಮೇಲೆ. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು ಮಡಿಸಿದರೆ ಕಡತ. ಇಂದಿಗೂ ಕಚೇರಿಗಳಲ್ಲಿ ಕಡತ ವಿಲೇವಾರಿಯಾಗುತ್ತಲೇ ಇದೆ. ಪೂರ್ತಿ ಸುಡದೆ ಉಳಿದ ಇಂಗಾಲವೇ ನಮ್ಮ ಸಾಹಿತ್ಯವನ್ನು ಉಳಿಸಿಕೊಟ್ಟಿತೆಂದರೆ ಹೆಚ್ಚಿನ ಮಾತಲ್ಲ. ಆದರೆ ಅಕ್ಷರಕ್ಕೆ ಒದಗಿದ ಆ ಕರಿ ಅಡಿಗೆ ಮಾಡುವವರ ಎದೆಗೆ ಇಳಿದಾಗ ಏನಾಗುತ್ತದೆಂಬುದನ್ನು ನಾವು ಬರೆಯಲಿಲ್ಲ.

ಹಳದಿ ಉರಿ ಬೆಳಕಿನದು; ನೀಲಿ ಉರಿ ಬಿಸಿಯದು. ಒಲೆಯ ಬರ್ನರಿಗೆ ಬರುವ ಮೊದಲೇ ಅನಿಲ ಗಾಳಿಯನ್ನು ಸೆಳೆದುಕೊಂಡು ಬೆರೆತಿದ್ದರೆ ಮಸಿಯ ಕಣಗಳು ಹುಟ್ಟಲು ಅವಕಾಶವೇ ಇಲ್ಲ. ಉರಿ ನೀಲಿಯಾಗಿ, ಬೆಳಕಿಲ್ಲದೆ, ತೀಕ್ಷ್ಣವಾಗಿ ಉರಿಯುತ್ತದೆ. ಬಯಲಾಟ, ಯಕ್ಷಗಾನಗಳ ರಂಗಸ್ಥಳವನ್ನು ಬೆಳಗುತ್ತಿದ್ದ ಗ್ಯಾಸ್‌ಲೈಟಿನಲ್ಲಿಯೂ, ಒತ್ತಡಕ್ಕೆ ಸಿಕ್ಕಿ ಆವಿಯಾದ ಸೀಮೆಎಣ್ಣೆಯ ಉರಿ ಇಂಥದೇ. ಅಲ್ಲಿ ಬೆಳಕನ್ನು ಕೊಡುತ್ತಿದ್ದದ್ದು ಆ ಉರಿಯಲ್ಲಿ ಕಾದ ಮ್ಯಾಂಟಲ್ ಎಂಬ ಬಲೆಯ ಚೀಲ. ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್ ಇನ್ನೊಂದು ಉದಾಹರಣೆ. ಅದರಲ್ಲಿ ಇಂಗಾಲ ಎರಡು, ಜಲಜನಕವೂ ಎರಡೇ. ಬರಿಯ ಗಾಳಿಯಲ್ಲಿ ಹಚ್ಚಿದರೆ ದಟ್ಟವಾಗಿ ಮಸಿ ಕಾರುತ್ತದೆ. ಶುದ್ಧ ಆಮ್ಲಜನಕವನ್ನು ಕೂಡಿಸಿದರೆ ಮೂರು ಸಾವಿರ ಡಿಗ್ರಿಯನ್ನು ಮೀರಿ ಕಬ್ಬಿಣವನ್ನು ಕರಗಿಸುತ್ತದೆ. ವಸ್ತು ಒಂದೇ; ಸಿಕ್ಕ ಆಮ್ಲಜನಕ ಎಷ್ಟು ಎಂಬುದು ಅದರ ಗುಣವನ್ನು ನಿರ್ಣಯಿಸುತ್ತದೆ.

ಎಷ್ಟು ಗಾಳಿ ಬೇಕು? ಒಂದು ಪಾಲು ಮೀಥೇನ್ ಪೂರ್ತಿ ಉರಿಯಲು ಸುಮಾರು ಹತ್ತು ಪಾಲು ಗಾಳಿ ಬೇಕು. ಪ್ರೊಪೇನಿಗೆ ಇಪ್ಪತ್ತನಾಲ್ಕು ಪಾಲು. ಬ್ಯುಟೇನಿಗೆ ಮೂವತ್ತೊಂದು ಪಾಲು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಮನೆಗೆ ಬರುವ ೧೪.೨ ಕಿಲೋಗ್ರಾಮಿನ ಸಿಲಿಂಡರ್ ಮುಗಿಯುವಷ್ಟರಲ್ಲಿ ಅದು ಇನ್ನೂರು ಕಿಲೋಗ್ರಾಮಿಗಿಂತ ಹೆಚ್ಚು ಗಾಳಿಯನ್ನು ಬಳಸಿಕೊಂಡಿರುತ್ತದೆ. ಸುಮಾರು ಇಪ್ಪತ್ತೆರಡು ಕಿಲೋಗ್ರಾಂ ನೀರು ಆವಿಯಾಗಿ ಹುಟ್ಟಿರುತ್ತದೆ. ನಲವತ್ತು ಕಿಲೋಗ್ರಾಮಿಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಸಿಲಿಂಡರ್ ಖಾಲಿಯಾಯಿತೆಂದು ನಾವು ಹೇಳುತ್ತೇವೆ. ಖಾಲಿಯಾದದ್ದು ಯಾವುದೂ ಇಲ್ಲ, ರೂಪ ಬದಲಾಗಿದೆ ಅಷ್ಟೆ. ನಂಬಿಕೆಯಾಗದಿದ್ದರೆ ತಣ್ಣನೆಯ ಪಾತ್ರೆಯೊಂದನ್ನು ಹೊರಗೆಲ್ಲ ಒರಸಿ ಒಲೆಯ ಮೇಲಿಡಿ. ಮೊದಲ ಕೆಲವು ಕ್ಷಣ ಅದರ ತಳ ಬೆವರುತ್ತದೆ. ಆ ಬೆವರು ಉರಿಯಲ್ಲಿ ಹುಟ್ಟಿದ ನೀರು. ಜಲಜನಕ ತನ್ನ ಹೆಸರನ್ನು ಉಳಿಸಿಕೊಂಡಿದೆ.

ಉರಿಯನ್ನು ಓದಿ ಬದುಕಿದವರಲ್ಲಿ ಹಿಂದಿನ ಕಲ್ಲಿದ್ದಲ ಗಣಿಯವರನ್ನು ನೆನೆಯಬೇಕು. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ೧೭೭೬ರಲ್ಲಿ ಮಜ್ಜೊರೆ ಸರೋವರದ ಕೆಸರನ್ನು ಕೋಲಿನಿಂದ ಕದಡಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಹಚ್ಚಿ ನೋಡಿದ್ದು ಮೀಥೇನನ್ನು. ನಮ್ಮ ಕೊಳ್ಳಿದೆವ್ವದ ಕಥೆಗಳ ಹಿಂದೆ ಇರುವುದೂ ಜೌಗಿನ ಈ ಅನಿಲವೇ ಇರಬಹುದೆಂದು ಊಹಿಸಿದವರಿದ್ದಾರೆ. ಅದೇ ಅನಿಲ ಕಲ್ಲಿದ್ದಲಿನ ಗಣಿಗಳಲ್ಲಿಯೂ ಕೂಡಿರುತ್ತದೆ. ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ೧೮೧೨ರಲ್ಲಿ ಅದು ಸಿಡಿದು ತೊಂಬತ್ತೆರಡು ಮಂದಿ ಸತ್ತರು. ಮೂರು ವರ್ಷಗಳ ಮೇಲೆ, ಫ್ಯಾರಡೆಯ ಗುರು ಹಂಫ್ರಿ ಡೇವಿ ದೀಪದ ಸುತ್ತ ಸಣ್ಣ ಕಣ್ಣಿನ ತಂತಿಬಲೆಯನ್ನು ಕಟ್ಟಿದ. ತಂತಿ ಬಿಸಿಯನ್ನು ಹೀರಿಕೊಳ್ಳುವುದರಿಂದ ಉರಿ ಬಲೆಯನ್ನು ದಾಟಿ ಹೊರಗಿನ ಅನಿಲವನ್ನು ಮುಟ್ಟಲಾರದು. ಆ ದೀಪ ಇನ್ನೊಂದು ಉಪಕಾರವನ್ನೂ ಮಾಡಿತು. ಗಣಿಯ ಗಾಳಿಯಲ್ಲಿ ಮೀಥೇನ್ ಸೇರಿದ್ದರೆ ಉರಿಯ ತಲೆಯ ಮೇಲೆ ಮಸುಕಾದ ನೀಲಿಯ ಟೊಪ್ಪಿಗೆಯೊಂದು ಮೂಡುತ್ತಿತ್ತು. ಬತ್ತಿಯನ್ನು ತಗ್ಗಿಸಿ, ಆ ನೀಲಿಯ ಎತ್ತರವನ್ನು ಕಣ್ಣಳತೆಯಲ್ಲಿ ಓದಿ, ಅನಿಲವೆಷ್ಟಿದೆ, ನಿಲ್ಲಬೇಕೋ ಹಿಂದಿರುಗಬೇಕೋ ಎಂದು ಅವರು ತೀರ್ಮಾನಿಸುತ್ತಿದ್ದರು. ಒಂದು ಮಸುಕು ಗೆರೆಯ ಮೇಲೆ ಪ್ರಾಣ ನಿಂತಿತ್ತು. ಪಾಠನಿರ್ಣಯಕ್ಕೆ ಇದಕ್ಕಿಂತ ದೊಡ್ಡ ಹೊಣೆ ಯಾವ ಪಂಡಿತನ ಮೇಲೂ ಬಿದ್ದಿಲ್ಲ.

ಉರಿಗೆ ಬಣ್ಣವುಂಟು. ಉರಿಯದ ಅನಿಲಕ್ಕೆ? ಮೀಥೇನಿಗಾಗಲಿ ಪ್ರೊಪೇನಿಗಾಗಲಿ ಬಣ್ಣವಿಲ್ಲ, ನಮ್ಮ ಮೂಗಿಗೆ ತಿಳಿಯುವ ವಾಸನೆಯೂ ಇಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ನ್ಯೂ ಲಂಡನ್ ಎಂಬ ಊರು. ಅಲ್ಲಿನ ಶಾಲೆಯ ನೆಲದಡಿಯಲ್ಲಿ ಸೋರಿ ನಿಂತಿದ್ದ ನೈಸರ್ಗಿಕ ಅನಿಲ ಯಾರಿಗೂ ತಿಳಿಯಲಿಲ್ಲ. ೧೯೩೭ರ ಮಾರ್ಚ್ ೧೮ರ ಮಧ್ಯಾಹ್ನ, ಯಂತ್ರವೊಂದರ ಕಿಡಿಗೆ ಶಾಲೆಯ ಕಟ್ಟಡ ಸಿಡಿಯಿತು. ಮುನ್ನೂರರಷ್ಟು ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಲೇಬೇಕೆಂಬ ಕಾನೂನು ಬಂದದ್ದು ಅದಾದ ಮೇಲೆ. ಇಂದು ನಮ್ಮ ಸಿಲಿಂಡರಿನ ಅನಿಲಕ್ಕೆ ಈಥೈಲ್ ಮರ್‌ಕ್ಯಾಪ್ಟಾನ್ ಎಂಬ ಗಂಧಕದ ಸಂಯುಕ್ತವನ್ನು ತೀರ ಸ್ವಲ್ಪ ಸೇರಿಸುತ್ತಾರೆ. ಗ್ಯಾಸಿನ ವಾಸನೆ ಎಂದು ನಾವು ಮೂಗು ಮುಚ್ಚಿಕೊಳ್ಳುವುದು ಗ್ಯಾಸಿನದಲ್ಲ. ಅದು ಸತ್ತ ಮಕ್ಕಳ ನೆನಪಿನಲ್ಲಿ ಬದುಕಿರುವವರಿಗಾಗಿ ಬರೆದ ಎಚ್ಚರಿಕೆ. ಅದನ್ನು ಓದಲು ನೆಗಡಿಯಿಲ್ಲದ ಮೂಗು ಬೇಕು ಎಂಬುದನ್ನು ನಾನು ಅನುಭವದಿಂದ ಬಲ್ಲೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದಯವಿಟ್ಟು ಗಮನಿಸಬೇಕು. ಆ ವಾಸನೆ ಉರಿಯದ ಅನಿಲಕ್ಕೆ ಮಾತ್ರ ಬರೆದ ಎಚ್ಚರಿಕೆ. ಉರಿಯಲ್ಲಿ ಅದೂ ಸುಟ್ಟುಹೋಗುತ್ತದೆ. ಗಾಳಿ ಸಾಲದೆ ಅನಿಲ ಅರೆಬರೆ ಉರಿದರೆ ಹುಟ್ಟುವುದು ಇಂಗಾಲದ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟು ಮಿಕ್ಕಿ ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆ ನೋಯುತ್ತದೆ, ಮಂಪರು ಕವಿಯುತ್ತದೆ, ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಗ್ಯಾಸ್ ಗೀಸರಿರುವ ಕಿರಿದಾದ ಬಚ್ಚಲುಮನೆಯ ಕಿಟಕಿಯನ್ನು ಚಳಿಗೆಂದು ಮುಚ್ಚಿಕೊಂಡು ಸ್ನಾನಕ್ಕಿಳಿದವರು ಹೊರಗೆ ಬರಲಿಲ್ಲವೆಂಬ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡವಿಡುವಾಗಲೂ ಇದೇ ಅಪಾಯ. ಇಲ್ಲಿ ಮೂಗು ನೆರವಾಗುವುದಿಲ್ಲ. ಓದಬೇಕಾದದ್ದು ಬಣ್ಣವನ್ನು. ನೀಲಿಯಾಗಿದ್ದ ಉರಿ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗತೊಡಗಿದರೆ, ಗಾಳಿ ಸಾಲುತ್ತಿಲ್ಲ, ಬರ್ನರಿನ ಕಣ್ಣು ಕಟ್ಟಿದೆ ಎಂದು ಅರ್ಥ. ಅದಕ್ಕೂ ಮೊದಲು, ಉರಿಯಿರುವ ಕಡೆ ಒಂದು ಕಿಟಕಿ ಯಾವಾಗಲೂ ತೆರೆದಿರಬೇಕು. ಚಳಿ ಆದರೂ ಸರಿ.

ಕೊನೆಯದಾಗಿ ನಮ್ಮ ತಾಯಿಯ ಮಾತು. ಅವರು ನಲವತ್ತು ವರ್ಷ ಸೌದೆಯ ಒಲೆಯ ಮುಂದೆ ಕುಳಿತರು. ಸೌದೆ ಬರಿಯ ಹೈಡ್ರೊಕಾರ್ಬನ್ನಲ್ಲ. ಇಂಗಾಲ, ಜಲಜನಕಗಳೊಡನೆ ಅದರಲ್ಲಿ ಆಮ್ಲಜನಕವೂ ನೀರೂ ಉಂಟು. ಆದರೆ ಗಾಳಿ ಸಾಲದ ಉರಿಯ ಲಕ್ಷಣ ಅಲ್ಲಿಯೂ ಒಂದೇ. ಊದುಗೊಳವೆಯನ್ನು ಬಾಯಿಗಿಟ್ಟು ಅವರು ಊದಿದ್ದು ಆ ಉರಿಗೆ ಸಾಲದಿದ್ದ ಆಮ್ಲಜನಕವನ್ನು. ಪ್ರತಿಯಾಗಿ ಒಳಗೆಳೆದುಕೊಂಡದ್ದು ಹೊಗೆಯನ್ನು. ಅಟ್ಟದಿಂದ ಇಲ್ಲಣ ಜೋತುಬೀಳುತ್ತಿತ್ತು; ದೀಪಾವಳಿಗೆ ಮುಂಚೆ ಅದನ್ನು ಹೊಡೆಯುತ್ತಿದ್ದೆವು. ಅವರ ಎದೆಯೊಳಗಿನ ಇಲ್ಲಣವನ್ನು ಹೊಡೆಯುವವರಿರಲಿಲ್ಲ. ಐವತ್ತು ದಾಟಿದ ಮೇಲೆ ಅವರ ಕೆಮ್ಮು ನಿಲ್ಲಲಿಲ್ಲ. ಬೀಡಿ ಸಿಗರೇಟು ಮುಟ್ಟದ ಹೆಂಗಸಿಗೆ ಇದೆಲ್ಲಿಯ ಕೆಮ್ಮು ಎಂದು ವೈದ್ಯರನ್ನು ಕೇಳಿದೆ. ಅವರು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ಅಡಿಗೆ ಯಾವುದರಲ್ಲಿ?

ಇದನ್ನು ಯಾರೂ ಯೋಚಿಸಲಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಎಂಬ ಗುಂಪು, ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ, ಹಳ್ಳಿಯ ಇಂಧನದ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಕಡಮೆ ಸೌದೆಯಲ್ಲಿ ಹೆಚ್ಚು ಬಿಸಿ ಕೊಟ್ಟು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಅಸ್ತ್ರ ಒಲೆ ಅಲ್ಲಿಯದು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ದನಗಳ ಸಗಣಿಯಿಂದ ಅನಿಲ ತೆಗೆದು, ಎಂಜಿನ್ ಓಡಿಸಿ, ಮನೆಗಳಿಗೆ ಬೆಳಕು ನೀರು ಕೊಟ್ಟದ್ದೂ ಅವರ ಪ್ರಯೋಗವೇ. ಗೋಬರ್ ಅನಿಲದಲ್ಲಿ ಸುಮಾರು ಅರವತ್ತು ಪಾಲು ಮೀಥೇನ್, ವೋಲ್ಟಾ ಕೆಸರಿನಲ್ಲಿ ಹಿಡಿದ ಅದೇ ಮೀಥೇನ್. ಅದನ್ನು ಸುಮ್ಮನೆ ಗಾಳಿಗೆ ಬಿಟ್ಟರೆ, ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಮಿಕ್ಕಿ ಭೂಮಿಯ ಬಿಸಿಯನ್ನು ಹಿಡಿದಿಡುತ್ತದೆ. ಒಲೆಯಲ್ಲಿ ಉರಿಸಿದರೆ ಅನ್ನವಾಗುತ್ತದೆ. ಆಮೇಲೆ ೨೦೧೬ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಎಷ್ಟೋ ಮನೆಗಳಿಗೆ ಸಿಲಿಂಡರ್ ಬಂದಿದೆ. ಮೊದಲ ಸಿಲಿಂಡರ್ ಮುಗಿದ ಮೇಲೆ ಎರಡನೆಯದನ್ನು ಕೊಳ್ಳಲು ಕೈ ಸಾಗದೆ ಮತ್ತೆ ಸೌದೆಗೆ ಮರಳಿದ ಮನೆಗಳೂ ಇವೆ. ನೀಲಿ ಉರಿ ಇನ್ನೂ ಎಲ್ಲರ ಮನೆಯದಾಗಿಲ್ಲ.

ಗೆಳೆಯರೆ, ನನ್ನ ತಾಯಿ ಓದು ಬರಹ ಕಲಿತವರಲ್ಲ. ಆದರೆ ಉರಿಯನ್ನು ಬಲ್ಲವರು. ಸೌದೆ ಹಸಿಯೋ ಒಣಗಿದ್ದೋ, ಅನ್ನಕ್ಕೆ ಎಷ್ಟು ಉರಿ, ರೊಟ್ಟಿಗೆ ಎಷ್ಟು ಕೆಂಡ ಎಂಬುದನ್ನು ಸದ್ದಿನಿಂದಲೇ ಹೇಳುತ್ತಿದ್ದರು. ಅವರಿಗೆ ತಿಳಿಯದಿದ್ದದ್ದು ಒಂದೇ, ಆ ಹೊಗೆ ಅವರಿಗೆ ಏನು ಮಾಡುತ್ತಿದೆ ಎಂಬುದು. ಅದನ್ನು ಓದಿ ಹೇಳಬೇಕಾಗಿದ್ದವನು ಓದು ಕಲಿತ ಮಗ. ಮಗ ಆಗ ಅದೇ ಕೋಣೆಯ ಆಚೆ, ಬುಡ್ಡಿ ದೀಪದ ಮುಂದೆ, ಹಳಗನ್ನಡ ಓದುತ್ತಿದ್ದ.

ಆ ಎರಡು ಪುಟದ ಹಾಳೆಯನ್ನು ಈಗ ಅಡಿಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದೇನೆ. ಅದರಲ್ಲಿ ಅಲಂಕಾರವಿಲ್ಲ, ಧ್ವನಿಯಿಲ್ಲ. ವಾಸನೆ ಬಂದರೆ ದೀಪ ಹಾಕಬೇಡಿ, ಆರಿಸಲೂಬೇಡಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ ಎಂದಷ್ಟೇ ಇದೆ. ಕನ್ನಡ ಗದ್ಯವನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದವನಾಗಿ ಒಂದು ಮಾತು ಹೇಳುತ್ತೇನೆ. ನಾನು ಓದಿದ ಗದ್ಯದಲ್ಲಿ ನನ್ನ ಪ್ರಾಣ ಉಳಿಸಿದ್ದು ಇದೊಂದೇ. ಅದನ್ನೂ ಓದಿದವಳು ನಾನಲ್ಲ, ನನ್ನ ಮಡದಿ. ತಮ್ಮ ಮನೆಯಲ್ಲಿಯೂ ಅಂಥ ಒಂದು ಹಾಳೆ ಎಲ್ಲೋ ಮಡಿಸಿಟ್ಟದ್ದು ಇದ್ದೀತು. ಇಂದು ರಾತ್ರಿ ಅದನ್ನು ಹುಡುಕಿ ಒಮ್ಮೆ ಓದಬೇಕೆಂದು ಬೇಡಿಕೊಳ್ಳುತ್ತೇನೆ.